ಹೆಂಕ್ ಅವರ ಪುಸ್ತಕದ ತಪ್ಪು–ಒಪ್ಪು

ಪುಸ್ತಕಕ್ಕೆ ಪೆಪ್ಪರ್‌ಮಿಂಟಿನ ವಾಸನೆ ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನೂ ನಿಮ್ಮ ಹಾಗೆಯೇ ಹುಬ್ಬೇರಿಸುತ್ತಿದ್ದೆ. ಆದರೆ ನನ್ನ ಕಪಾಟಿನಲ್ಲಿರುವ ಒಂದು ಪುಸ್ತಕಕ್ಕೆ ಇದೆ. ದಪ್ಪ ರಟ್ಟಿನ, ಮೂಲೆ ಸವೆದ, ಒಂದು ಕಾಲಕ್ಕೆ ಹಸಿರಾಗಿದ್ದಿರಬಹುದಾದ ಪುಸ್ತಕ. ತೆರೆದರೆ ಮೊದಲು ಪೆಪ್ಪರ್‌ಮಿಂಟು, ಅದರ ಹಿಂದೆ ಬಂದೂಕಿಗೆ ಹಚ್ಚುವ ಎಣ್ಣೆ, ಎಲ್ಲಕ್ಕಿಂತ ಕೆಳಗೆ ಹಳೇ ಕಾಗದ. ಹೋದ ಶನಿವಾರ ಮಧ್ಯಾಹ್ನ ಅದನ್ನು ಊಟದ ಮೇಜಿನ ಮೇಲಿಟ್ಟು ತೆರೆದಾಗ ಎದುರಿಗೆ ಕೂತಿದ್ದ ಶಿವಲೀಲಾ ಮೂಗರಳಿಸಿ, "ಅಣ್ಣಾರ, ನೆಗಡಿ ಬಂದ್ರ ಇದನ್ನ ಮೂಸಿದ್ರ ಸಾಕಲ್ರಿ," ಎಂದಳು.

ಶಿವಲೀಲಾ ಧಾರವಾಡದವಳು. ಇಲ್ಲಿ ಡಚ್ಚರ ನಾಡಿನ ಡೆಲ್ಫ್ಟಿನಲ್ಲಿ ನದಿಯ ಹೂಳಿನ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಕಾಲೇಜಿನ ಎನ್‌ಸಿಸಿಯಲ್ಲಿ ಗುರಿ ಹೊಡೆಯುವ ರುಚಿ ಹತ್ತಿಸಿಕೊಂಡವಳು, ಈ ವರ್ಷ ನಾನಿರುವ ಶೂಟಿಂಗ್ ಕ್ಲಬ್ಬಿಗೆ ಸೇರಿದ್ದಾಳೆ. ಪರವಾನಗಿ ಇನ್ನೂ ಬಂದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಅವಳು ನೋಡಬಹುದು, ಓದಬಹುದು, ಏನನ್ನೂ ಮುಟ್ಟುವ ಹಾಗಿಲ್ಲ. ಅಂದು ಬಂದದ್ದು ತೋಟೆ ತುಂಬಿಸುವ ಕೆಲಸ ನೋಡಲು.

ತೋಟೆ ಎಂದರೆ ಕಾಡತೂಸು. ಗುಂಡು ಹಾರಿದ ಮೇಲೆ ಹಿತ್ತಾಳೆಯ ಖಾಲಿ ಕೊಳವೆ ಉಳಿಯುತ್ತದಲ್ಲ, ಅದನ್ನು ಎಸೆಯದೆ ತೊಳೆದು, ತೀಡಿ, ಬುಡಕ್ಕೆ ಮದ್ದಿಗೆ ಬೆಂಕಿ ಹೊತ್ತಿಸುವ ಹೊಸ ಕಿಡಿಬಿಲ್ಲೆ ಕೂರಿಸಿ, ಅಳೆದು ಮದ್ದು ಹಾಕಿ, ಮೇಲೆ ಹೊಸ ಗುಂಡು ಒತ್ತಿದರೆ ಮತ್ತೆ ತೋಟೆ. ಒತ್ತುವ ಯಂತ್ರ ಶಾವಿಗೆ ಒರಳಿನ ಹತ್ತಿರದ ಸಂಬಂಧಿಯಂತಿದೆ. ಅಂಗಡಿಯಲ್ಲಿ ಸಿದ್ಧ ತೋಟೆ ಸಿಗುತ್ತದೆ, ನಿಜ. ಆದರೆ ಮನೆಯಲ್ಲಿ ಮಾಡಿದ ಸಾರಿನ ಪುಡಿಗೂ ಪೊಟ್ಟಣದ ಪುಡಿಗೂ ಇರುವ ವ್ಯತ್ಯಾಸ ಇಲ್ಲಿಯೂ ಉಂಟು. ತನ್ನ ಬಂದೂಕಿಗೆ ಒಗ್ಗುವ ಹದ ತಾನೇ ಹುಡುಕಿಕೊಂಡವನ ಗುಂಡುಗಳು ಕಾಗದದ ಮೇಲೆ ಒಂದರ ಪಕ್ಕ ಒಂದು ಹೋಗಿ ಕೂರುತ್ತವೆ. ಒಂದೇ ವ್ಯತ್ಯಾಸವೆಂದರೆ ಸಾರಿನ ಪುಡಿಯನ್ನು ಕಣ್ಣಳತೆಯಲ್ಲಿ ಹಾಕಬಹುದು. ಮದ್ದನ್ನು ಹಾಕುವಂತಿಲ್ಲ. ಪ್ರತಿ ಬಂದೂಕಿಗೆ, ಪ್ರತಿ ಗುಂಡಿಗೆ, ಪ್ರತಿ ಮದ್ದಿಗೆ ಬೇರೆ ಬೇರೆ ಲೆಕ್ಕ. ಆ ಲೆಕ್ಕದ ಕೋಷ್ಟಕಗಳೇ ಈ ಪುಸ್ತಕದ ತುಂಬ ಇರುವುದು.

ಮೈಸೂರಿನ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿ, ಆಮ್ಸ್ಟರ್‌ಡ್ಯಾಮಿನ ಬ್ಯಾಂಕೊಂದರಲ್ಲಿ ಡೇಟಾ ಕೆಲಸ ಮಾಡುವವನಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ನಮ್ಮಮ್ಮನೂ ಕೇಳಿದ್ದರು. "ಯಾರ್ ಮೇಲೋ ಗುಂಡು ಹಾರಿಸ್ತೀಯ?" ಅಂದರು ವಿಡಿಯೋ ಕಾಲಿನಲ್ಲಿ. "ಕಾಗದದ ಮೇಲಮ್ಮ," ಅಂದೆ. "ಪಾಪ, ಆ ಕಾಗದ ಏನ್ ಮಾಡಿತ್ತೋ ನಿಂಗೆ," ಎಂದು ಫೋನು ಅಪ್ಪನ ಕೈಗೆ ಕೊಟ್ಟುಬಿಟ್ಟರು.  ವಾರವಿಡೀ ಪರದೆ ನೋಡುವ ಕಣ್ಣಿಗೆ ಐವತ್ತು ಮೀಟರ್ ಆಚೆಯ ಒಂದು ಕಪ್ಪು ಚುಕ್ಕೆ ನೆಮ್ಮದಿ ಕೊಡುತ್ತದೆ, ಅಷ್ಟೇ.

ಶಿವಲೀಲಾಳ ವಿಷಯಕ್ಕೆ ಬರುತ್ತೇನೆ. ನಾನು ತಕ್ಕಡಿ ಸರಿಪಡಿಸುತ್ತಿದ್ದಾಗ ಅವಳು ಪುಸ್ತಕದ ಹಾಳೆ ತಿರುವುತ್ತ ಕೊನೆಯ ಪುಟಕ್ಕೆ ಬಂದಿದ್ದಳು. ಅಲ್ಲಿ ಮೇಲೆ 'ಫೌಟನ್' ಎಂದು ಡಚ್ಚಿನಲ್ಲಿ ತಲೆಬರಹ. ತಪ್ಪುಗಳು ಎಂದರ್ಥ. ಕೆಳಗೆ ಸಾಲಾಗಿ ಪೆನ್ಸಿಲಿನಲ್ಲಿ ಡಚ್ ಬರಹ, ಪ್ರತಿ ಸಾಲಿನ ಕೊನೆಗೆ ಎರಡು ಸಹಿ. ಕೊನೆಯ ಸಾಲೊಂದು ಮಾತ್ರ ಕನ್ನಡದಲ್ಲಿತ್ತು, ಅದಕ್ಕೆ ಒಂದೇ ಸಹಿ.

"ಅಯ್ಯ, ಇಲ್ಲಿ ಕನ್ನಡದಾಗ ಬರದೈತಲ್ರಿ!" ಎಂದು ಅವಳು ಗಟ್ಟಿಯಾಗಿ ಓದಿದಳು. "ಅಂತರ್ಜಾಲದ ಏಳು ತಾಣಗಳ ತಪ್ಪು ಮಾಹಿತಿಯಿಂದಾಗಿ ಅರವತ್ತು ತೋಟೆಗಳು ಕೆಟ್ಟವು. ಐವತ್ತೇಳನ್ನು ಬಿಚ್ಚಲಾಯಿತು."

ಆಮೇಲೆ ಸಂಶೋಧಕಿಯ ಬುದ್ಧಿ ಎಲ್ಲಿ ಹೋಗುತ್ತದೆ, ಕೇಳಿಯೇ ಬಿಟ್ಟಳು. "ಏಳಕ್ಕೇಳೂ ತಪ್ಪ ಇದ್ದುವೇನ್ರಿ ಅಣ್ಣಾರ?"

"ಟೀ ಕುಡೀತೀಯಲ್ವಾ?" ಎಂದು ನಾನು ಎದ್ದು ಅಡುಗೆಮನೆಗೆ ಹೋದೆ. ಏಳು ವರ್ಷದಿಂದ ಆ ಸಾಲನ್ನು ನನ್ನ ಹೊರತು ಯಾರೂ ಓದಿರಲಿಲ್ಲ. ಯಾರೂ ಓದಬಾರದು ಎಂತಲೇ ಅದನ್ನು ಕನ್ನಡದಲ್ಲಿ ಬರೆದದ್ದು.

ಪುಸ್ತಕ ಹೆಂಕ್ ಅವರದು. ಬಾಡ್‌ಹೂವೆಡಾರ್ಪಿನಲ್ಲಿ ನಮ್ಮ ಪಕ್ಕದ ಮನೆಯವರು. ವಿಮಾನ ನಿಲ್ದಾಣ ಮಗ್ಗುಲಲ್ಲೇ ಇರುವ ಊರು; ನೆತ್ತಿಯ ಮೇಲೆ ವಿಮಾನ ಹೋದಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುವುದು ಈ ಊರಿನವರ ಅಭ್ಯಾಸ. ಹೆಂಕ್ ಅದರಲ್ಲಿ ಪಳಗಿದವರು. ಎತ್ತರದ ಆಳು, ಬಾಯಲ್ಲಿ ಸದಾ ಪೆಪ್ಪರ್‌ಮಿಂಟು. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಕತೆ ಕಾದಂಬರಿಗಳ ಕರಡಲ್ಲ. ರೈಲಿನ ವೇಳಾಪಟ್ಟಿ, ಉಬ್ಬರವಿಳಿತದ ಪಟ್ಟಿ, ಹೀಗೆ ಬರೀ ಅಂಕಿಗಳಿರುವ ಪುಸ್ತಕಗಳು. "ಕಾದಂಬರಿಯಲ್ಲಿ ಒಂದಕ್ಷರ ತಪ್ಪಾದರೆ ಓದುಗ ನಗುತ್ತಾನೆ, ವೇಳಾಪಟ್ಟಿಯಲ್ಲಿ ಒಂದಂಕಿ ತಪ್ಪಾದರೆ ಯಾರದೋ ಅಜ್ಜಿ ಪ್ಲಾಟ್‌ಫಾರಮ್ಮಿನ ಮೇಲೆ ನೆನೆಯುತ್ತಾ ನಿಲ್ಲುತ್ತಾಳೆ," ಎನ್ನುತ್ತಿದ್ದರು. ಅವರು ಮಾತಾಡುತ್ತಿದ್ದುದು ಇಂಗ್ಲಿಷು ಡಚ್ಚು ಕಲಸಿದ ಭಾಷೆ. ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಕ್ಲಬ್ಬಿಗೆ ಕರೆದುಕೊಂಡು ಹೋದವರು ಅವರೇ. ಪರವಾನಗಿ ಬಂದ ಮೇಲೆ ತೋಟೆ ತುಂಬಿಸಲು ಕಲಿಸಿದವರೂ ಅವರೇ. ಹಿತ್ತಲಿನ ಶೆಡ್ಡಿನಲ್ಲಿ ಕೆಲಸ. ಒಳಗೆ ಕಾಲಿಡುತ್ತಲೇ ಫೋನನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಬೇಕು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ, ಎರಡನೆಯದು ಕಪಾಟಿನಿಂದ ಇಳಿಯುವಂತಿಲ್ಲ. ಇವೆಲ್ಲ ಬೇರೆಯವರೂ ಹೇಳುವ ನಿಯಮಗಳೇ. ಹೆಂಕ್ ಅವರದೇ ಆದ ಒಂದು ನಿಯಮವಿತ್ತು, ಅಚ್ಚುಕೂಟದಿಂದ ಜೊತೆಗೆ ಬಂದದ್ದು: ಒಬ್ಬ ಓದಬೇಕು, ಇನ್ನೊಬ್ಬ ನೋಡಬೇಕು. ಅಲ್ಲಿ ಒಬ್ಬ ಮೂಲಪ್ರತಿಯಿಂದ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದನಂತೆ, ಇನ್ನೊಬ್ಬ ಕರಡಿನ ಮೇಲೆ ಬೆರಳಿಟ್ಟು ನೋಡುತ್ತಾ ಸರಿಯಿದ್ದರೆ "ಕ್ಲೊಪ್ಟ್" ಎನ್ನುತ್ತಿದ್ದನಂತೆ. ಸರಿಯಾಗಿದೆ, ತಾಳೆಯಾಗಿದೆ ಎಂದು. ಶೆಡ್ಡಿನಲ್ಲಿಯೂ ಅದೇ. ನಾನು ಪುಸ್ತಕದಿಂದ ಅಂಕಿ ಓದುತ್ತಿದ್ದೆ, ಅವರು ತಕ್ಕಡಿ ನೋಡಿ "ಕ್ಲೊಪ್ಟ್" ಎನ್ನುತ್ತಿದ್ದರು. ಆ ಪದ ಕೇಳದೆ ಒಂದು ಚಿಟಿಕೆ ಮದ್ದು ಕೊಳವೆಗೆ ಇಳಿಯುತ್ತಿರಲಿಲ್ಲ. ಒಂದು ಗಂಟೆಗೆ ನೂರು ಮಾಡುವ ಜನ ಇದ್ದಾರೆ, ನಮಗೆ ಇಪ್ಪತ್ತಾದರೆ ಹೆಚ್ಚು.

ಪುಸ್ತಕದಲ್ಲಿ ತಪ್ಪಿರುವುದಿಲ್ಲ ಎಂದು ಅವರು ನಂಬಿದ್ದರು ಎಂದುಕೊಳ್ಳಬೇಡಿ. ಅದನ್ನು ಅವರಷ್ಟು ಬಲ್ಲವರು ಯಾರಿದ್ದಾರೆ? ಈ ಪುಸ್ತಕದಲ್ಲೇ ಒಂದು ಕೋಷ್ಟಕದ ಎರಡು ಸಾಲು ಅದಲು ಬದಲಾಗಿದ್ದನ್ನು ಬಹಳ ಹಿಂದೆ ಹಿಡಿದು ಪ್ರಕಾಶಕರಿಗೆ ಪತ್ರ ಬರೆದಿದ್ದರು. ಅವರು ಕ್ಷಮೆ ಕೇಳಿ, ಅಚ್ಚು ಮಾಡಿದ ತಪ್ಪು–ಒಪ್ಪು ಚೀಟಿ ಕಳಿಸಿದರಂತೆ. ಆ ಚೀಟಿ ಈಗಲೂ ಆ ಪುಟದಲ್ಲಿದೆ. ಪೂರ್ತಿ ಮೆತ್ತಿಲ್ಲ, ಎಡಗಡೆಯ ಅಂಚಿಗಷ್ಟೇ ಅಂಟು. ಎತ್ತಿದರೆ ಕೆಳಗೆ ಹಳೇ ತಪ್ಪು ಹಾಗೇ ಕಾಣುತ್ತದೆ. ಹೆಂಕ್ ಪಂದ್ಯಗಳಲ್ಲಿ ಗೆದ್ದ ಕಪ್‌ಗಳು ಮನೆಯಲ್ಲಿ ಧೂಳು ತಿನ್ನುತ್ತಿದ್ದವು. ಈ ಚೀಟಿಯನ್ನು ಮಾತ್ರ ಬಂದವರಿಗೆಲ್ಲ ತೋರಿಸುತ್ತಿದ್ದರು. "ತಪ್ಪು ಮಾಡಿದವರಿಗೆ ಒಂದು ವಿಳಾಸ ಇತ್ತು, ಅದಕ್ಕೇ ಸರಿಯಾಯಿತು," ಎನ್ನುತ್ತಿದ್ದರು.

ನಾನಾದರೋ ಮನಸ್ಸಿನಲ್ಲೇ ನಗುತ್ತಿದ್ದೆ. ಜಗತ್ತಿನ ಅರಿವೆಲ್ಲ ಅಂಗೈಯಲ್ಲಿರುವಾಗ ಈ ಮುದುಕರು ಫೋನನ್ನು ಡಬ್ಬಿಗೆ ಹಾಕಿಸಿ ಮುಪ್ಪಾದ ಪುಸ್ತಕ ಹಿಡಿದು ಕೂರುತ್ತಾರಲ್ಲ ಎಂದು. ನಮ್ಮ ಕನ್ನಡಿಗರ ಗುಂಪಿನಲ್ಲಿ ಏಕಾದಶಿ ಯಾವತ್ತು ಎಂಬ ಪ್ರಶ್ನೆ ಬಂದರೆ ಏನಾಗುತ್ತದೆ ಗೊತ್ತಲ್ಲ. ಒಬ್ಬರ ಆ್ಯಪು ಗುರುವಾರ ಎನ್ನುತ್ತದೆ, ಇನ್ನೊಬ್ಬರದು ಶುಕ್ರವಾರ. ಮೂರನೆಯವರು ಮೈಸೂರಿನಿಂದ ತರಿಸಿದ ಅಚ್ಚಿನ ಪಂಚಾಂಗದ ಫೋಟೋ ಹಾಕುತ್ತಾರೆ. ಅದರಲ್ಲಿರುವುದು ಮೈಸೂರಿನ ಸೂರ್ಯ, ಇಲ್ಲಿ ಆತ ಚಳಿಗಾಲದಲ್ಲಿ ಆಫೀಸಿಗೆ ನಮಗಿಂತ ತಡವಾಗಿ ಬರುತ್ತಾನೆ. ಕೊನೆಗೆ ಹೆಚ್ಚು ಜನ ಹೇಳಿದ ದಿನ ಉಪವಾಸ. ತಪ್ಪಾದರೆ ಒಂದು ಊಟ ಹೋಯಿತು, ಅಷ್ಟೇ ತಾನೆ? ಈ ಅಭ್ಯಾಸವೇ ನನ್ನ ತಲೆಗೆ ಹತ್ತಿರಬೇಕು.

ಒಂದು ಬೇಸಿಗೆಯಲ್ಲಿ ಹೆಂಕ್ ರೈಸ್‌ವೈಕ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಎರಡು ವಾರ ಹೋದರು. ಪುಸ್ತಕ ಬೀಗ ಹಾಕಿದ ಶೆಡ್ಡಿನಲ್ಲಿತ್ತು. ಕ್ಲಬ್ಬಿನ ಪಂದ್ಯ ಹತ್ತಿರ ಬಂದಿತ್ತು. ಅಷ್ಟು ಹೊತ್ತಿಗೆ ನನ್ನದೇ ಯಂತ್ರ, ನನ್ನದೇ ತಕ್ಕಡಿ ಬಂದಿದ್ದವು. ಅಂತರ್ಜಾಲದಲ್ಲಿ ಹುಡುಕಿದೆ: ಮದ್ದು ಮಾಡುವವರ ತಾಣವೊಂದು, ಕ್ಲಬ್ಬುಗಳ ಚರ್ಚಾಕಟ್ಟೆಗಳು ಮೂರು, ವಿಡಿಯೋ ಎರಡು, ಯಾರದೋ ಬ್ಲಾಗು ಒಂದು. ಏಳು ಕಡೆಯಿಂದ ಏಳು ಅಂಕಿ ಸಿಕ್ಕಿತು. ಒಂದರಂತೆ ಇನ್ನೊಂದಿಲ್ಲ. ಹೊಟ್ಟೆಪಾಡಿಗೆ ಡೇಟಾ ಕೆಲಸ ಮಾಡುವವನು ಏನು ಮಾಡಿಯಾನು? ಎಕ್ಸೆಲ್ ತೆರೆದೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ತೆಗೆದುಹಾಕಿ, ಉಳಿದ ಐದರ ಸರಾಸರಿ ತೆಗೆದೆ. ಕಾಲಮ್ಮುಗಳಿಗೆ ಹಸಿರು ಹಳದಿ ಬಣ್ಣ ಹಚ್ಚಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಅರವತ್ತು ತೋಟೆ ತುಂಬಿಸಿದೆ. ಓದಿದವನೂ ನಾನೇ, ನೋಡಿದವನೂ ನಾನೇ.

ಕ್ಲಬ್ಬಿಗೆ ಹೋಗಿ ಮೂರು ಹಾರಿಸಿದೆ. ಭುಜಕ್ಕೆ ಏಟು ಎಂದಿಗಿಂತ ಜೋರಾಗಿತ್ತು. ಮೂರನೆಯ ಖಾಲಿ ಕೊಳವೆ ಹೊರಗೆ ಬರಲೊಪ್ಪದೆ ಅದನ್ನು ಎಳೆದುಹಾಕುವ ಹಿಡಿಕೆಯನ್ನು ಅಂಗೈಯಿಂದ ಗುದ್ದಬೇಕಾಯಿತು. ಬಂದೂಕು ಕೊಳೆಯಾಗಿದೆ ಎಂದುಕೊಂಡು ಅವತ್ತಿಗೆ ನಿಲ್ಲಿಸಿದೆ. ನಿಲ್ಲಿಸಿದ್ದು ವಿವೇಕದಿಂದಲ್ಲ. ನನ್ನ ಮಗಳನ್ನು ಈಜಿನ ತರಗತಿಯಿಂದ ಕರೆತರುವ ಹೊತ್ತಾಗಿತ್ತು.

ಹೆಂಕ್ ಬಂದ ದಿನವೇ ಲ್ಯಾಪ್‌ಟಾಪು ಎತ್ತಿಕೊಂಡು, ಮೂರು ಖಾಲಿ ಕೊಳವೆ ಜೇಬಿಗೆ ಹಾಕಿಕೊಂಡು ಹೋದೆ. ಹೊಗಳಿಕೆ ಬಯಸಿ ಹೋದೆ ಎನ್ನಲು ಈಗ ನಾಚಿಕೆಯಾಗುತ್ತದೆ. ಅವರು ಬಣ್ಣದ ಕಾಲಮ್ಮುಗಳನ್ನು ತಾಳ್ಮೆಯಿಂದ ನೋಡಿದರು. ಈ ಅಂಕಿಯವನ ಗುಂಡು ಎಷ್ಟು ಭಾರದ್ದು, ಇವನ ಕೊಳವೆ ಯಾವುದು, ಇವನ ಬಂದೂಕಿನ ನಳಿಗೆ ಎಷ್ಟು ಉದ್ದ ಎಂದು ಒಂದೊಂದಾಗಿ ಕೇಳಿದರು. ಎಲ್ಲವೂ ಆಯಾ ತಾಣಗಳಲ್ಲಿ ಬರೆದೇ ಇತ್ತು. ನಾನು ಅಂಕಿಯನ್ನು ಮಾತ್ರ ಎತ್ತಿಕೊಂಡು ಬಂದಿದ್ದೆ.

"ಅವರವರ ಮಟ್ಟಿಗೆ ಈ ಏಳೂ ಸರಿಯಿರಬಹುದು," ಎಂದರು ಹೆಂಕ್. "ಏಳು ಜನರ ಬೂಟಿನ ಅಳತೆ ಕೂಡಿಸಿ ಭಾಗಿಸಿ ಬೂಟು ಹೊಲಿಸಿದ್ದೀಯ. ಯಾರ ಕಾಲಿಗೆ?"

ಆಮೇಲೆ ಖಾಲಿ ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬುಡದ ಕಿಡಿಬಿಲ್ಲೆಯ ಅಂಚು ದುಂಡಗಿರಬೇಕಿತ್ತು. ಒತ್ತಡಕ್ಕೆ ಅವಲಕ್ಕಿಯಂತೆ ಚಪ್ಪಟೆಯಾಗಿತ್ತು. ಮದ್ದು ಮಿತಿ ಮೀರಿದ್ದರ ಗುರುತು ಅದು, ಬಂದೂಕೇ ಸಿಡಿಯಬಹುದಿತ್ತು. ಅವರ ಮುಖದ ಬಣ್ಣ ಹೋಯಿತು. ಮೇಲೆ ವಿಮಾನವೊಂದು ಹೋಗುತ್ತಿತ್ತು. ಅದು ದಾಟುವವರೆಗೆ ಮೂರೂ ಕೊಳವೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. ಆಮೇಲೆ ಕೇಳಿದರು.

"ಹಾರಿಸುವಾಗ ನಿನ್ನ ಕೆನ್ನೆ ಎಲ್ಲಿತ್ತು?"

ಗುರಿ ಹಿಡಿಯುವಾಗ ಕೆನ್ನೆ ಬಂದೂಕಿನ ದಿಂಡಿಗೆ ಒರಗಿರುತ್ತದೆ, ತೋಟೆ ಸಿಡಿಯುವ ಜಾಗಕ್ಕೆ ಗೇಣು ದೂರ. ನಾನು ಕೈಯಿಂದ ಕೆನ್ನೆ ಮುಟ್ಟಿ ತೋರಿಸಿದೆ.  ಪಕ್ಕದ ಸಾಲಿನಲ್ಲಿ ಇನ್ನೊಬ್ಬರು ನಿಂತಿದ್ದರು ಎಂಬುದು ಮನೆಗೆ ಬಂದ ಮೇಲೆ ನೆನಪಾಯಿತು.

ಉಳಿದ ಐವತ್ತೇಳನ್ನು ಇಬ್ಬರೂ ಕೂತು ಬಿಚ್ಚಿದೆವು. ಅದಕ್ಕೆ ಸುತ್ತಿಗೆಯಂಥ ಒಂದು ಸಾಧನವಿದೆ. ತಲೆಯೊಳಗೆ ತೋಟೆ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ಎರಡು ಶನಿವಾರ ಹಿಡಿಯಿತು. ಹೆಂಕ್ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಕೊನೆಯದು ಬಿಚ್ಚಿದ ಮೇಲೆ ಪುಸ್ತಕದ ಕೊನೆಯ ಪುಟ ತೆರೆದು ಮುಂದಿಟ್ಟರು. 'ಫೌಟನ್'. ಅಲ್ಲಿಯ ಹನ್ನೊಂದು ಸಾಲಿನಲ್ಲಿ ಒಂಬತ್ತು ಅವರವೇ ತಪ್ಪುಗಳು. ತಪ್ಪು ಮಾಡಿದವನ ಸಹಿ, ಓದಿ ನೋಡಿದವನ ಸಹಿ.

"ಏನಾಯಿತು, ಯಾರಿಂದ ಆಯಿತು, ಬರಿ. ಮುಂದೆ ಓದುವವನಿಗೆ ಬೇಕು," ಎಂದರು.

ಆ ಪುಸ್ತಕ ಕ್ಲಬ್ಬಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಅಲ್ಲಿರುವ ಒಬ್ಬನೇ ಭಾರತೀಯ ಹೀಗೆ ಮಾಡಿದ ಎಂದು ಎಲ್ಲರೂ ಓದುವುದನ್ನು ನೆನೆದರೆ ಮೈ ಹಿಡಿಯಾಯಿತು. "ನನ್ನ ಭಾಷೆಯಲ್ಲಿ ಬರೀಲಾ?" ಎಂದೆ. ಬರಿ, ಎಂದರು. ಬರೆದೆ. ಬರೆಯುವಾಗ ಕೈ ತಾನಾಗಿಯೇ ತಪ್ಪನ್ನು ಏಳು ತಾಣಗಳ ಮೇಲೆ ಹೊರಿಸಿಬಿಟ್ಟಿತು. ತಾನಾಗಿಯೇ ಎಂದೆನೇ? ನೋಡಿ, ಈಗಲೂ ಕೈಯ ಮೇಲೆ ಹಾಕುತ್ತಿದ್ದೇನೆ. ನಾನೇ ಹೊರಿಸಿದೆ.

"ಯಾರಿಂದ ಆಯಿತು ಅಂತ ಬರೆದೆಯಾ?" ಎಂದು ಹೆಂಕ್ ಕೇಳಿದರು.

"ಯಾ," ಎಂದೆ. ಡಚ್ಚಿನಲ್ಲಿ ಹೌದು ಎಂದರ್ಥ.

ಅವರು ಆ ಸಾಲನ್ನು ಬಹಳ ಹೊತ್ತು ನೋಡಿದರು. "ಚೆಂದದ ಅಕ್ಷರ. ಆದರೆ ಓದಲಾಗದ್ದಕ್ಕೆ ನಾನು ಸಹಿ ಹಾಕುವುದಿಲ್ಲ," ಎಂದು ಪುಸ್ತಕ ಮುಚ್ಚಿದರು. ಎರಡನೆಯ ಸಹಿಯ ಜಾಗ ಖಾಲಿ ಉಳಿಯಿತು. ಮುಂದೆ ಅವರ ಕಣ್ಣು ಮಂಜಾಯಿತು. ಬಂದೂಕು, ಪರವಾನಗಿ ಎಲ್ಲ ಹಿಂದಿರುಗಿಸಿ ರೈಸ್‌ವೈಕಿನಲ್ಲಿ ಮಗಳ ಮನೆಯ ಹತ್ತಿರ ಫ್ಲಾಟಿಗೆ ಹೋದರು. ಹೋಗುವಾಗ ಈ ಪುಸ್ತಕ ನನ್ನ ಕೈಗೆ ಕೊಟ್ಟರು. ಅವರಿಗೆ ನಾನು ಸುಳ್ಳು ಹೇಳಿದ್ದೆ ಎಂಬುದು ಪುಸ್ತಕದ ಜೊತೆಗೇ ನಮ್ಮ ಮನೆಗೆ ಬಂತು.

ಟೀ ಸೋಸಿಕೊಂಡು ಹೊರಗೆ ಬಂದಾಗ ಶಿವಲೀಲಾ ಇನ್ನೂ ಅದೇ ಪುಟದಲ್ಲಿದ್ದಳು. ಇನ್ನು ಮುಚ್ಚಿಡುವುದೇನಿದೆ ಎನಿಸಿ, ಎಕ್ಸೆಲ್ಲಿನಿಂದ ಹಿಡಿದು ಕೆನ್ನೆಯವರೆಗೆ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಲ್ಲನೆ ತನ್ನ ಫೋನು ತೆಗೆದು ತೋರಿಸಿದಳು. ಮುಂದೆ ಬೇಕಾಗುತ್ತದೆಂದು ನಾಲ್ಕು ಕಡೆಯಿಂದ ಅಂಕಿ ಸೇರಿಸಿಟ್ಟಿದ್ದಳು, ಒಂದು ಪಟ್ಟಿಯಲ್ಲಿ. "ನಾನೂ ಸರಾಸರಿ ತಗೀಬೇಕಂತಿದ್ದೆರಿ," ಎಂದಳು. "ಇಲ್ಲಿ ಬರದದ್ದಷ್ಟ ಓದಿದ್ರ, ಆ ಏಳು ಬಿಟ್ಟು ಬ್ಯಾರೆ ಏಳು ಹುಡುಕ್ತಿದ್ದೆ. ತಾಣದ್ದ ತಪ್ಪು ಅಂತ ಬರದೀರಲ್ರಿ."

 ನನ್ನ ಮಾನ ಉಳಿಸಿಕೊಳ್ಳಲು ಬರೆದ ಒಂದು ಸಾಲು, ಓದಬಲ್ಲ ಮೊದಲ ವ್ಯಕ್ತಿಯ ಕೆನ್ನೆಯನ್ನೇ ಅಂಥ ತೋಟೆಯ ಪಕ್ಕಕ್ಕೆ ಕೊಂಡೊಯ್ಯುತ್ತಿತ್ತು.

ಅಂದು ತೋಟೆ ತುಂಬಿಸುವ ಕೆಲಸವೂ ಆಯಿತು. ಪುಸ್ತಕ ಹಳೆಯದು, ನಾನೀಗ ಬಳಸುವ ಮದ್ದು ಅದರಲ್ಲಿಲ್ಲ. ಹಾಗಾಗಿ ಮದ್ದು ಮಾಡುವವರದೇ ತಾಣದಿಂದ ಅವರದೇ ಕೋಷ್ಟಕವನ್ನು ಕಾಗದಕ್ಕೆ ಇಳಿಸಿಕೊಂಡೆವು. ಗುಂಡು, ಕೊಳವೆ, ಮದ್ದು ಎಲ್ಲ ನಮ್ಮದಕ್ಕೆ ತಾಳೆಯಾಗುವ ಒಂದೇ ಸಾಲು ಹುಡುಕಿ ಅವಳು ಓದಿದಳು, ನಾನು ತಕ್ಕಡಿ ನೋಡಿದೆ. ಫೋನುಗಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಹನ್ನೆರಡು ತೋಟೆಯಾದವು.

ಮರುದಿನ ಭಾನುವಾರ ಇಬ್ಬರೂ ರೈಲು ಹತ್ತಿ ರೈಸ್‌ವೈಕಿಗೆ ಹೋದೆವು. ನನ್ನ ಜೇಬಿನಲ್ಲಿ ರಾತ್ರಿ ಬರೆದ ಒಂದು ಚೀಟಿಯಿತ್ತು, ಜೊತೆಗೆ ಅದರ ಕರಡು. ಹೆಂಕ್ ಕಿಟಕಿಯ ಬಳಿ ಕೂತಿದ್ದರು. ನನ್ನನ್ನು ಮುಖದಿಂದಲ್ಲ, ದನಿಯಿಂದ ಗುರುತಿಸಿದರು. ಶಿವಲೀಲಾಳನ್ನು ಪರಿಚಯಿಸಿದೆ. ಪೆಪ್ಪರ್‌ಮಿಂಟು ಕೊಟ್ಟರು. ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟು, ಅವತ್ತು ಹೇಳಿದ "ಯಾ" ಸುಳ್ಳು ಎಂದೆ. ಬೇರೆ ಪೀಠಿಕೆ ಹಾಕಲಿಲ್ಲ.

ಹೆಂಕ್ ತಲೆಯಾಡಿಸಿದರು. "ಸುಳ್ಳೋ ನಿಜವೋ ನನಗೆ ಗೊತ್ತಿರಲಿಲ್ಲ. ಈ ಪುಸ್ತಕದಲ್ಲಿ ಎರಡನೆಯವರು ನೋಡದ ಸಾಲು ಅದೊಂದೇ. ಅದೇ ಕೊರೆಯುತ್ತಿತ್ತು," ಎಂದು ಶಿವಲೀಲಾ ಕಡೆ ತಿರುಗಿದರು. "ನಿನಗೆ ಈ ಅಕ್ಷರ ಬರುತ್ತದೆಯೇ?"

"ಬರ್ತೈತ್ರಿ," ಎಂದು ಕನ್ನಡದಲ್ಲಿ ಹೇಳಿ, ನಾಲಿಗೆ ಕಚ್ಚಿಕೊಂಡು "ಯಾ" ಎಂದಳು.

"ಹಾಗಾದರೆ ಅವನು ಓದಲಿ, ನೀನು ನೋಡು."

ನಾನು ಚೀಟಿಯನ್ನು ಅವಳ ಕೈಗೆ ಕೊಟ್ಟು, ಕರಡು ಹಿಡಿದು ಕನ್ನಡದಲ್ಲಿ ಓದಿದೆ. ಏಳು ತಾಣಗಳದೂ ತಪ್ಪಿರಲಿಲ್ಲ. ಅವುಗಳ ಅಂಕಿಗಳನ್ನು ಮಾತ್ರ ಎತ್ತಿ ಸರಾಸರಿ ತೆಗೆದವನು ನಾನು. ಯಾರಿಗೂ ತೋರಿಸದೆ ತುಂಬಿಸಿದವನು ನಾನು. ಇದನ್ನು ಮುಚ್ಚಿ ಬರೆದವನೂ ನಾನು. ಕೆಳಗೆ ನನ್ನ ಹೆಸರು, ಮನೆಯ ವಿಳಾಸ. ಶಿವಲೀಲಾ ಪ್ರತಿ ಪದದ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ಆಮೇಲೆ ಅದನ್ನೇ ಡಚ್ಚು ಇಂಗ್ಲಿಷು ಕಲಸಿ ಹೇಳಿದೆ. ಅದನ್ನೂ ಅವಳು ಕಿವಿಗೊಟ್ಟು ಕೇಳಿದಳು.

"ಕ್ಲೊಪ್ಟ್?" ಎಂದು ಹೆಂಕ್ ಕೇಳಿದ್ದು ನನ್ನನ್ನಲ್ಲ, ಅವಳನ್ನು.

"ಕ್ಲೊಪ್ಟ್," ಎಂದಳು ಶಿವಲೀಲಾ.

ನಾನು ಚೀಟಿಯ ಹಿಂದೆಲ್ಲ ಅಂಟು ಸವರಿ ಹಳೇ ಸಾಲಿನ ಮೇಲೆ ಮೆತ್ತಲು ಹೊರಟಿದ್ದೆ. ಅಂಟಿನ ಕಡ್ಡಿ ಕಾಗದದ ಮೇಲೆ ಓಡುವ ಸದ್ದಿಗೇ ಗೊತ್ತಾಯಿತೋ ಏನೋ, ಹೆಂಕ್ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದರು. "ಒಂದೇ ಅಂಚಿಗೆ. ಕೆಳಗಿನದೂ ಕಾಣಬೇಕು." ಇನ್ನೊಂದು ಚೀಟಿ ಬರೆಯಬೇಕಾಯಿತು. ಅದನ್ನು ಎಡಗಡೆಗಷ್ಟೇ ಅಂಟಿಸಿದೆ. ಶಿವಲೀಲಾ ಅದನ್ನು ಮೆಲ್ಲಗೆ ಎತ್ತಿ, ಕೆಳಗಿನ ಸಾಲನ್ನು ಇನ್ನೊಮ್ಮೆ ಓದಿ, ಬಿಟ್ಟಳು. ಆಮೇಲೆ ಪೆನ್ಸಿಲು ಕೇಳಿ ತೆಗೆದುಕೊಂಡು, ಏಳು ವರ್ಷ ಖಾಲಿಯಿದ್ದ ಎರಡನೆಯ ಸಹಿಯ ಜಾಗದಲ್ಲಿ ತನ್ನ ಹೆಸರು ಬರೆದಳು, ಕನ್ನಡದಲ್ಲಿ.